ಊರಿನ ಬೀಗದ ಕೈಯೂ ಅಜ್ಜಿಗೇ, ಬೆಂಕಿಯೂ ಅಜ್ಜಿಗೇ

ಜನವರಿ 3: ಬೊಲೋನ್ಯಾ ಬಿಟ್ಟು ಬೆಟ್ಟದ ಕಡೆಗೆ

ಇಟಲಿಯಲ್ಲಿ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ. ಮೂಡಣ ದೇಶದ ಜೋಯಿಸರು ನಕ್ಷತ್ರದ ಜಾಡು ಹಿಡಿದು ಬಂದು ಬಾಲಯೇಸುವಿನ ದರ್ಶನ ಮಾಡಿದ್ದನ್ನು ನೆನೆಯುವ ಎಪಿಫನಿ ಹಬ್ಬ ಜನವರಿ 6ಕ್ಕೆ. ಅಲ್ಲಿಯವರೆಗೂ ಬೀದಿಯ ದೀಪದ ಸರ ಇಳಿಯದು, ಮನೆಯ ಗೋದಲಿ ಕದಲದು, ಶಾಲೆ ತೆರೆಯದು. ತಂಗಿಯ ಮನೆಗೆಂದು ಬೊಲೋನ್ಯಾಗೆ ಹೋಗಿದ್ದ ನನಗೆ ಈ ಹಬ್ಬದ ಯಜಮಾನಿ ಯಾರೆಂದು ಹೇಳಿಕೊಟ್ಟವಳು ಅಲ್ಲಿ ಎರಡನೇ ಕ್ಲಾಸು ಓದುತ್ತಿರುವ ಅವಳ ಮಗಳು, ಪುಟ್ಟಿ.

"ಐದರ ರಾತ್ರಿ ಬೆಫಾನಾ ಬರ್ತಾಳೆ ಮಾಮ."

"ಸಾಂಟಾ ಬಂದು ಹೋದನಲ್ಲೇ?"

"ಅವನು ಬೇರೆ. ಇವಳು ಅಜ್ಜಿ."

ಕೊಕ್ಕೆ ಮೂಗು, ತೇಪೆ ಹಾಕಿದ ಲಂಗ, ತಲೆಗೆ ಬಿಗಿದ ವಸ್ತ್ರ, ಸವೆದ ಬೂಟು, ಹೆಗಲಲ್ಲಿ ಚೀಲ, ಕೂತು ಹಾರಲು ಪೊರಕೆ. ಒಳ್ಳೆಯ ಮಕ್ಕಳ ಕಾಲುಚೀಲಕ್ಕೆ ಮಿಠಾಯಿ, ತರಲೆಗಳಿಗೆ ಇದ್ದಿಲು. ಚೂಪು ಟೊಪ್ಪಿ ಇದ್ದರೆ ಅದು ಹ್ಯಾಲೋವೀನ್ ಮಾಟಗಾತಿ, ಬೆಫಾನಾ ಅಲ್ಲವೇ ಅಲ್ಲ ಎಂದು ಪುಟ್ಟಿ ಖಡಕ್ಕಾಗಿ ಹೇಳಿದಳು. ಅಜ್ಜಿಗೆ ಸ್ವಂತ ಊರೂ ಇದೆಯಂತೆ. ಮಾರ್ಕೆ ಪ್ರಾಂತ್ಯದ ಬೆಟ್ಟಗಳ ನಡುವಿನ ಉರ್ಬಾನಿಯಾ.

ಅಲ್ಲಿ ಹಬ್ಬ ನೋಡುವುದು, ಐದರ ಸಂಜೆ ಉತ್ತರಕ್ಕೆ, ವೆನಿಸ್ ಸುತ್ತಲಿನ ವೆನೆತೊ ಪ್ರಾಂತ್ಯ ಸೇರುವುದು, ಆರರಂದು ವೆನಿಸ್‌ನಲ್ಲಿ ಈ ಅಜ್ಜಿಯರ ದೋಣಿ ಸ್ಪರ್ಧೆ ನೋಡಿ ವಾಪಸಾಗುವುದು ಎಂದು ತಂಗಿ ಮತ್ತು ಅವಳ ಗಂಡ ಪ್ಲಾನ್ ಹಾಕಿದರು. ಐದರ ಸಂಜೆ ವೆನೆತೊದ ಹಳ್ಳಿಗಳಲ್ಲಿ ಅಜ್ಜಿಯನ್ನು ಏನು ಮಾಡುತ್ತಾರೆ ಎನ್ನುವುದನ್ನು ಮಾತ್ರ ಪುಟ್ಟಿಗೆ ಯಾರೂ ಹೇಳಲಿಲ್ಲ.

ಬಾಡಿಗೆ ಕಾರು ಹತ್ತಿ ಆಡ್ರಿಯಾಟಿಕ್ ಕರಾವಳಿಯ ಎ14 ಹೆದ್ದಾರಿ ಹಿಡಿದೆವು. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಲ್ಲಿನ ಬಹಳಷ್ಟು ರಸ್ತೆಗಳಲ್ಲಿ ಚಳಿಗಾಲದ ಟೈರಾಗಲಿ, ಡಿಕ್ಕಿಯಲ್ಲಿ ಹಿಮದ ಚೈನಾಗಲಿ ಇರಲೇಬೇಕು. ಕಾರು ಕೊಟ್ಟವರು ಚೈನಿನ ಚೀಲವನ್ನೇನೋ ಇಟ್ಟಿದ್ದರು. ಕಾಫಿಗೆ ನಿಂತಾಗ ತೆರೆದು ನೋಡಿದರೆ ಅದು ನಮ್ಮ ಟೈರಿಗಿಂತ ಎರಡು ಸೈಜು ದೊಡ್ಡದು. ಫೋನ್ ಮಾಡಿದರೆ ಬರೀ ಸಂಗೀತ. ಕೊನೆಗೆ ಅಲ್ಲೇ ಅಂಗಡಿಯಲ್ಲಿ ಟೈರಿಗೆ ತೊಡಿಸುವ ದಪ್ಪ ಬಟ್ಟೆಯ ಗವಸು ಕೊಂಡೆವು. ಪೊಟ್ಟಣದ ಮೇಲೆ 'ಹಿಮದ ಕಾಲುಚೀಲ' ಎಂದೇ ಬರೆದಿತ್ತು. ಕಾರಿಗೂ ಬೆಫಾನಾ ಏನಾದರೂ ತರುತ್ತಾಳಾ ಎಂಬ ಪ್ರಶ್ನೆ ಉರ್ಬಿನೊ ದಾಟುವವರೆಗೂ ನಿಲ್ಲಲಿಲ್ಲ. ಈ ಕಡೆ ಚಳಿಗಾಲದಲ್ಲಿ ಬರುವವರು ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲೇ ಡಿಕ್ಕಿ ತೆಗೆಸಿ ನೋಡುವುದು ಒಳ್ಳೆಯದು.

ಪೆಸಾರೊದಲ್ಲಿ ಸಮುದ್ರ ಬಿಟ್ಟು ಒಳಗೆ ತಿರುಗಿದ ಮೇಲೆ ರಸ್ತೆಯ ಸ್ವಭಾವವೇ ಬದಲಾಯಿತು. ಉತ್ತು ಬಿಟ್ಟ ಕಂದು ಹೊಲಗಳು ಗುಡ್ಡದ ಬೆನ್ನಿನ ಮೇಲೆ ಓರೆಯಾಗಿ ಮಲಗಿವೆ, ನಡುವೆ ಸಾಲು ಸೈಪ್ರೆಸ್ ಮರ, ತುದಿಯಲ್ಲೊಂದು ಮನೆ, ಅದರ ಹೊಗೆಗೂಡು. ಚಿತ್ರಕಾರ ರಫಾಯೆಲ್ ಹುಟ್ಟಿದ ಉರ್ಬಿನೊ ಮಂಜಿನಲ್ಲಿ ಕಂಡಷ್ಟೇ ಕಂಡಿತು, ನಿಲ್ಲಲಿಲ್ಲ. ಅಲ್ಲಿಂದ ಉರ್ಬಾನಿಯಾ ಹತ್ತಿರವೇ, ಆದರೆ ತಿರುವುಗಳು ನಮ್ಮ ಆಗುಂಬೆಯನ್ನು ನೆನಪಿಸುವಷ್ಟಿವೆ.

ಉಳಿದದ್ದು ಊರ ಹೊರಗಿನ ಹೊಲದ ಮನೆಯಲ್ಲಿ. ಯಜಮಾನಿತಿ ಊಟಕ್ಕೆ ಉರ್ಬಿನೊ ಕಡೆಯ ಕ್ರೆಶಾ ಕೊಟ್ಟಳು. ಪದರ ಪದರವಾಗಿ ಏಳುವ, ಮೆಣಸಿನ ಪುಡಿ ಹಾಕಿದ ರೊಟ್ಟಿ ಅದು. ಆ ಪದರಕ್ಕೆ ಕಾರಣ ಹಂದಿಯ ಕೊಬ್ಬು, ಹಿಟ್ಟಿಗೆ ಮೊಟ್ಟೆಯೂ ಬೀಳುತ್ತದೆ. ಸಸ್ಯಾಹಾರಿಗಳು 'ಸೆಂಜಾ ಸ್ತ್ರುತ್ತೊ', ಅಂದರೆ ಹಂದಿಕೊಬ್ಬಿಲ್ಲದ್ದು ಎಂದು ಮೊದಲೇ ಕೇಳಬೇಕು. ತಂಗಿಗಾಗಿ ಆಕೆ ಆಲಿವ್ ಎಣ್ಣೆಯಲ್ಲಿ ಬೇರೆಯೇ ಹಿಟ್ಟು ನಾದಿದಳು. ಜೊತೆಗೆ ಬೇಯಿಸಿದ ಸೊಪ್ಪು, ಈ ಸೀಮೆಯ ಕಾಚೊತ್ತಾ ಚೀಸ್. ಮೈಕೆಲೇಂಜಲೊ ಈ ಚೀಸಿನ ಆಸೆಗೆ ಇಲ್ಲಿ ಜಮೀನು ಹಿಡಿದಿದ್ದನಂತೆ. ಊರವರು ಮೊನ್ನೆ ಮೊನ್ನೆ ನಡೆದದ್ದು ಎನ್ನುವ ಹಾಗೆ ಹೇಳುತ್ತಾರೆ.

ಮಾತಿನ ನಡುವೆ ಗೊತ್ತಾಯಿತು, ಯಜಮಾನಿತಿಯ ತವರು ವೆರೋನಾ. "ನಮ್ಮಲ್ಲಿ ಬೆಫಾನಾ ಅಷ್ಟು ದೊಡ್ಡವಳಲ್ಲ. ಮಕ್ಕಳಿಗೆ ಉಡುಗೊರೆ ತರುವುದು ಸಂತ ಲೂಚಿಯಾ, ಡಿಸೆಂಬರ್ 13ಕ್ಕೆ, ಕತ್ತೆಯ ಮೇಲೆ," ಎಂದಳು. ಅವಳ ಗಂಡನಿಗೆ ಸಣ್ಣವನಿದ್ದಾಗ ಬೆಫಾನಾ ಬಿಟ್ಟರೆ ಬೇರೆ ಗತಿಯಿರಲಿಲ್ಲವಂತೆ. ಕೆಂಪಂಗಿಯ ಬಾಬ್ಬೊ ನತಾಲೆ, ಅಂದರೆ ಸಾಂಟಾ, ಈ ದೇಶದ ಮನೆಮನೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಈಗಿನ ಮಕ್ಕಳು ಜಾಣರು, ಸಿಕ್ಕವರನ್ನೆಲ್ಲ ನಂಬುತ್ತಾರೆ ಎಂದು ಗಂಡ ಗೊಣಗಿದ.

ಜನವರಿ 4: ಉರ್ಬಾನಿಯಾ

ರಾತ್ರಿ ಹಿಡಿದ ಸೋನೆ ಬೆಳಿಗ್ಗೆಯೂ ಬಿಡಲಿಲ್ಲ. ಮೆತಾವ್ರೊ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ. ಏಳು ಸಾವಿರದ ಆಸುಪಾಸು ಜನರಿರುವ ಊರು. ಹಳೆಯ ಹೆಸರು ಕಾಸ್ತೆಲ್ ದುರಾಂತೆ. ಎಂಟನೇ ಉರ್ಬಾನ್ ಪೋಪ್ ಹೆಸರಿನಲ್ಲಿ ಉರ್ಬಾನಿಯಾ ಆದದ್ದು 1636ರಲ್ಲಿ. ಮಜೋಲಿಕಾ ಎಂಬ ಬಣ್ಣದ ಮಣ್ಣಿನ ಪಾತ್ರೆಗಳಿಗೆ ಒಂದು ಕಾಲದಲ್ಲಿ ಯುರೋಪಿನಲ್ಲೆಲ್ಲ ಹೆಸರಾಗಿದ್ದ ಊರಿದು. ಬೆಫಾನಾಳನ್ನು ಮನೆಮಗಳು ಮಾಡಿಕೊಂಡು ದೊಡ್ಡ ಹಬ್ಬ ಶುರುಮಾಡಿದ್ದು ಮಾತ್ರ ಈಚೆಗೆ, 1990ರ ದಶಕದ ಕೊನೆಗೆ. ಇದನ್ನು ಊರವರು ಮುಚ್ಚಿಡುವುದೂ ಇಲ್ಲ. ಅಜ್ಜಿ ಇಡೀ ಇಟಲಿಗೆ ಸೇರಿದವಳು, ನಾವು ಮೊದಲು ಕರೆದು ಕೂರಿಸಿದೆವು ಅಷ್ಟೇ ಎನ್ನುತ್ತಾರೆ.

ಬೀದಿಯ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ, ಹಗ್ಗದ ತುಂಬ ಕಾಲುಚೀಲ. ದೂರದಿಂದ ಎಲ್ಲ ಒಂದೇ. ಹತ್ತಿರ ಹೋಗಿ ನೋಡಿದ ಒಂದರಲ್ಲಿ ಹಸಿರು ಉಣ್ಣೆ, ಹಿಮ್ಮಡಿಗೆ ಕೆಂಪು ತೇಪೆ, ಹೆಬ್ಬೆರಳಿನ ಕಡೆ ಬೇಕೆಂದೇ ಬಿಟ್ಟ ತೂತು, ತೂತಿನಿಂದ ಇಣುಕುವ ಬೆಳ್ಳುಳ್ಳಿ ಗೆಡ್ಡೆ. ಇದ್ದಿಲಿನ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ತರಲೆ ಮಕ್ಕಳ ಪಾಲಿಗೆ ಸಲ್ಲುವ ಶಿಕ್ಷೆ.

ಹಬ್ಬದ ಶುರುವಿಗೆ ಮೇಯರ್ ಊರಿನ ಬೀಗದ ಕೈಯನ್ನು ಬೆಫಾನಾಳಿಗೆ ಒಪ್ಪಿಸುತ್ತಾರೆ. ಹಬ್ಬ ಮುಗಿಯುವವರೆಗೆ ಆಡಳಿತ ಅವಳದು. ಬೆಫಾನಾ ಅಂದರೆ ಒಬ್ಬಳಲ್ಲ. ಪೇಟೆಯ ತುಂಬ ಅವರೇ. ಕೆಲವರ ಸ್ಕರ್ಟಿನ ಕೆಳಗೆ ಗಂಡಸರ ಬೂಟು. ಪೊರಕೆಯ ಕಡ್ಡಿಯ ಭಾಗ ಮುಂದೆ, ಹಿಡಿ ಹಿಂದೆ. ಮಾಟಗಾತಿಯರು ಕೂರುವುದು ಇದರ ತದ್ವಿರುದ್ಧ ಎಂದು ಪುಟ್ಟಿಗೆ ಒಬ್ಬ ಬೆಫಾನಾ ಸವಿಸ್ತಾರವಾಗಿ ವಿವರಿಸಿದಳು. ಗೋಪುರದ ಮೇಲಿನಿಂದ ಹಗ್ಗ ಹಿಡಿದು ಜಾರುವ ಬೆಫಾನಾಗಳಿಗೆ ಮಳೆಯ ಲೆಕ್ಕವಿರಲಿಲ್ಲ. ಕೊಡೆಗಳ ಕೆಳಗಿನ ನಮಗಿತ್ತು. ಐವತ್ತು ಮೀಟರಿಗೂ ಉದ್ದ ಎಂದು ಹೇಳಿಕೊಳ್ಳುವ ಕಾಲುಚೀಲವನ್ನು ಹೆಗಲ ಮೇಲೆ ಹೊತ್ತ ಮೆರವಣಿಗೆ ನಮ್ಮ ಮುಂದೆ ಹಾದುಹೋಗಿ ಮುಗಿಯುವಷ್ಟರಲ್ಲಿ ನನ್ನ ಬೂಟಿನೊಳಗೆ ನೀರು.

ಇದ್ದಿಲು ಮಾರುವ ಅಂಗಡಿಯ ಮುಂದೆ ಬಹಳ ಹೊತ್ತು ನಿಂತೆವು. ಕಪ್ಪು ಸಕ್ಕರೆಯ ಗಟ್ಟಿ ಅದು. ಪಾಕ ಬಿಸಿಯಿರುವಾಗಲೇ ಕಪ್ಪು ಬಣ್ಣ ಬೆರೆಸಿ, ಮೊಟ್ಟೆಯ ಬಿಳಿಯನ್ನು ಸಕ್ಕರೆಯೊಂದಿಗೆ ಕಡೆದು ಸುರಿದರೆ ಉಕ್ಕಿ ಬರುತ್ತದೆ, ಆರಿದರೆ ತೂತುತೂತಾಗಿ ಥೇಟ್ ಸೌದೆ ಇದ್ದಿಲು. ಅಂಗಡಿಯಾಕೆ ಪುಟ್ಟ ಸುತ್ತಿಗೆಯಿಂದ ಒಡೆದು ತೂಗಿ ಕೊಡುತ್ತಿದ್ದಳು. ಹಲ್ಲಿಗೆ ಕರಕ್ ಎನ್ನುತ್ತದೆ, ಆಮೇಲೆ ಬರೀ ಸಿಹಿ. ರುಚಿಯ ಮಟ್ಟಿಗೆ ನಮ್ಮ ಬೆಂಡು ಬತ್ತಾಸು ಮೇಲು ಎಂದು ನನ್ನ ತೀರ್ಪು. ಮಳೆಗೆ ಕರಗಿದ ಪೊಟ್ಟಣ ತಂಗಿಯ ಬೂದು ಕೋಟಿನ ಜೇಬನ್ನು ಖಾಯಂ ಕಪ್ಪು ಮಾಡಿತು. ಕೊಂಡ ಇದ್ದಿಲನ್ನು ಡಬ್ಬಿಯಲ್ಲೇ ಇಡಿ.

ಅಜ್ಜಿಯ ಮನೆಯ ಮುಂದೆ ದೊಡ್ಡ ಕ್ಯೂ. ಒಳಗೆ ಒಲೆ, ತಾಮ್ರದ ಪಾತ್ರೆ, ಮಕ್ಕಳು ಬರೆದ ಕಾಗದಗಳ ರಾಶಿ. ನಡುವೆ ಕೂತ ಬೆಫಾನಾ ಮಕ್ಕಳಿಗೆ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಪುಟ್ಟಿ ನನ್ನ ಕಿವಿಯಲ್ಲಿ ಅನುವಾದ ಮಾಡಿದಳು. ಬೆತ್ಲೆಹೇಮಿಗೆ ಹೊರಟ ಜೋಯಿಸರು ದಾರಿ ಕೇಳಿಕೊಂಡು ಇವಳ ಮನೆಗೆ ಬಂದರು. ಉಣಿಸಿದಳು, ಮಲಗಲು ಜಾಗ ಕೊಟ್ಟಳು. ನೀನೂ ಬಾ, ಹುಟ್ಟಿದ ಕಂದನನ್ನು ನೋಡೋಣ ಎಂದರು. ಅಯ್ಯೋ, ಮನೆ ಗುಡಿಸಬೇಕು, ಕೆಲಸ ಬಿದ್ದಿದೆ, ನೀವು ಹೋಗಿ ಎಂದಳು. ಅವರು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ತಿಂಡಿ ಕಟ್ಟಿಕೊಂಡು ಓಡಿದಳು, ಅವರೂ ಸಿಗಲಿಲ್ಲ, ಕಂದನೂ ಸಿಗಲಿಲ್ಲ. ಅಂದಿನಿಂದ ಯಾವ ಮನೆಯಲ್ಲಿ ಆ ಮಗುವಿದೆಯೋ ಎಂದು ಎಲ್ಲ ಮನೆಗೂ ಕೊಟ್ಟುಕೊಂಡು ಹೋಗುತ್ತಿದ್ದಾಳೆ.

ಕಥೆ ಚೆನ್ನಾಗಿದೆ. ಆದರೆ ಜೋಯಿಸರ ಪ್ರಸಂಗ ಬರುವುದು ಮತ್ತಾಯನ ಸುವಾರ್ತೆಯಲ್ಲಿ ಮಾತ್ರ, ಅಲ್ಲಿ ಅವರು ಎಷ್ಟು ಜನ ಎಂದು ಕೂಡ ಹೇಳಿಲ್ಲ. ಅಜ್ಜಿಯಂತೂ ಇಲ್ಲವೇ ಇಲ್ಲ. ನನಗೆ ಅನಿಸುವುದು ಇಷ್ಟು: ಪೊರಕೆ ಮೊದಲು ಬಂತು, ಕಾರಣ ಆಮೇಲೆ. ಪೊರಕೆಯೇರಿ ರಾತ್ರಿ ಹಾರುವ ಮುದುಕಿ ಜನರ ಮನಸ್ಸಿನಲ್ಲಿ ಆಗಲೇ ಗಟ್ಟಿಯಾಗಿದ್ದಳು. ಅವಳನ್ನು ಓಡಿಸಲಾಗಲಿಲ್ಲ, ಗೋದಲಿಯೊಳಗೆ ಕೂರಿಸಲೂ ಬರುವಂತಿರಲಿಲ್ಲ. ಹಾಗಾಗಿ ತಡವಾಗಿ ಹೊರಟವಳನ್ನಾಗಿ ಮಾಡಿದರು. ಗುಡಿಸುವ ಕೆಲಸ ಪೊರಕೆಗೊಂದು ನೆಪ ಕೊಟ್ಟಿತು. ಜಾಣತನದ ರಾಜಿ.

ಅವಳ ಬೇರು ಎಲ್ಲಿಯದು ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಹಳೆಯ ರೋಮಿನಲ್ಲಿ ಸ್ತ್ರೇನಿಯಾ ಎಂಬ ದೇವತೆಯಿದ್ದಳು. ಹೊಸ ವರ್ಷಕ್ಕೆ ಅವಳ ತೋಪಿನ ರೆಂಬೆಗಳನ್ನು ಶುಭದ ಕಾಣಿಕೆಯಾಗಿ ಕೊಡುತ್ತಿದ್ದರು. ಹಬ್ಬದ ಉಡುಗೊರೆಗೆ ಇಟಲಿಯವರು ಇಂದಿಗೂ 'ಸ್ತ್ರೆನ್ನಾ' ಎನ್ನುತ್ತಾರೆ. ಕೆಲವರು ಬೆಫಾನಾಳನ್ನು ಅಲ್ಲಿಗೆ ಜೋಡಿಸುತ್ತಾರೆ. ಚಳಿಗಾಲದ ಸಂಕ್ರಮಣದ ನಂತರದ ಹನ್ನೆರಡು ರಾತ್ರಿ ಬಿತ್ತಿದ ಹೊಲದ ಮೇಲೆ ಡಯಾನಾ ದೇವಿ ಸಖಿಯರೊಡನೆ ಹಾರುತ್ತಾಳೆ, ಬೆಳೆಗೆ ಬಲ ಕೊಡುತ್ತಾಳೆ ಎಂಬ ನಂಬಿಕೆಗೆ ಇನ್ನು ಕೆಲವರು. ಕ್ರಿಸ್‌ಮಸ್ಸಿನಿಂದ ಎಪಿಫನಿವರೆಗಿನ ದಿನಗಳನ್ನು ಫ್ರಾನ್ಸಿನ ತೂರ್‌ನಲ್ಲಿ 567ರಲ್ಲಿ ಸೇರಿದ ಧರ್ಮಸಭೆ ಹಬ್ಬದ ದಿನಗಳೆಂದು ಸಾರಿತು. ಬೆಫಾನಾ ಎಂಬ ಹೆಸರೂ ಎಪಿಫಾನಿಯಾ ಸವೆದು ಬಂದದ್ದೇ. ಅಂದರೆ ಹಬ್ಬವೇ ಮುದುಕಿಯಾಗಿ ನಡೆದುಬಂತು.

ಮಳೆ ಜೋರಾಗಿ ಒಂದು ಪಿಂಗಾಣಿ ಅಂಗಡಿಯೊಳಗೆ ನುಗ್ಗಿದೆವು. ತಟ್ಟೆಯ ಅಂಚಿಗೆ ನೀಲಿ ಗೆರೆ ಎಳೆಯುತ್ತಿದ್ದ ಮುದುಕರು ತಲೆ ಎತ್ತದೆ ಮಾತಾಡಿದರು. 1944ರ ಜನವರಿ 23ರ ಭಾನುವಾರ, ಜನ ಪೂಜೆ ಮುಗಿಸಿ ಹೊರಬರುವ ಹೊತ್ತಿಗೆ ಈ ಪೇಟೆಯ ಮೇಲೆ ಮಿತ್ರರಾಷ್ಟ್ರಗಳ ಬಾಂಬು ಬಿತ್ತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. "ಹಾಗಾಗಿ ಜನವರಿಯಲ್ಲಿ ಈ ಊರು ನಗುವುದು ನನಗೆ ಇಷ್ಟ" ಎಂದರು. ಮುಸೊಲಿನಿಯ ಪಕ್ಷ 1928ರಿಂದ ಬಡ ಮಕ್ಕಳಿಗೆ 'ಫ್ಯಾಸಿಸ್ಟ್ ಬೆಫಾನಾ' ಹೆಸರಲ್ಲಿ ಉಡುಗೊರೆ ಹಂಚುತ್ತಿತ್ತಂತೆ. ಅವರ ಅಣ್ಣನಿಗೆ ಒಂದು ಜೊತೆ ಬೂಟು ಸಿಕ್ಕಿತ್ತು, ಸೈಜು ಸರಿಯಿರಲಿಲ್ಲ. (ನಮ್ಮ ಚೈನಿನ ಕಥೆ ಹೇಳಿದೆವು, ನಕ್ಕರು.) ಯುದ್ಧ ಮುಗಿದ ಮೇಲೆ ರೋಮಿನಲ್ಲಿ ಕೆಲಸ ಮಾಡುತ್ತಿದ್ದಾಗ ಜನವರಿ 6ಕ್ಕೆ ಟ್ರಾಫಿಕ್ ಪೊಲೀಸನ ಕಟ್ಟೆಯ ಸುತ್ತ ವಾಹನದವರು ವೈನ್ ಬಾಟಲಿ, ಕೇಕು ತಂದು ಗುಡ್ಡೆ ಹಾಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರು. ಅದಕ್ಕೂ ಬೆಫಾನಾ ಎಂದೇ ಹೆಸರು. "ಪೊಲೀಸನಿಗೆ ಇದ್ದಿಲು ಹಾಕುವ ಧೈರ್ಯ ಯಾರಿಗಿತ್ತು?"

ದುಡಿಮೆಯ ದಿನ ಹೆಚ್ಚಿಸಬೇಕೆಂದು ಸರ್ಕಾರ 1977ರಲ್ಲಿ ಎಪಿಫನಿಯ ರಜೆಯನ್ನು ತೆಗೆದುಹಾಕಿತು. ಜನರ ಗೊಣಗಾಟ ನಿಲ್ಲಲಿಲ್ಲ. 1985ರ ಕೊನೆಗೆ ಆದೇಶ ಹೊರಟು ಮುಂದಿನ ವರ್ಷದಿಂದ ರಜೆ ಮರಳಿತು. ಈ ಒಂಬತ್ತು ವರ್ಷದ ಬಗ್ಗೆ ಮುದುಕರಿಗೆ ಬಾಂಬಿನ ಮೇಲಿನಷ್ಟೇ ಸಿಟ್ಟು.

ಜನವರಿ 5: ಒಣಗಿದವರು, ಉರಿದವಳು

ಹೊರಡುವ ಮುಂಚೆ ಸತ್ತವರ ಚರ್ಚಿಗೆ ಹೋದೆವು. ಹೆಸರೇ ಹಾಗೆ, ಕಿಯೇಸಾ ದೈ ಮೊರ್ತಿ. ಪೀಠದ ಹಿಂದೆ ಅರ್ಧವೃತ್ತದಲ್ಲಿ, ಗಾಜಿನ ಹಿಂದೆ ನಿಂತ 18 ಮಮ್ಮಿಗಳು. ಯಾರೂ ಮದ್ದು ಹಚ್ಚಿ ಕಾಪಿಟ್ಟದ್ದಲ್ಲ. ನೆಲದೊಳಗಿನ ಒಂದು ಬಗೆಯ ಬೂಷ್ಟು ದೇಹದ ನೀರನ್ನು ಹೀರಿ ಒಣಗಿಸಿತು. ನೆಪೋಲಿಯನ್ ಕಾಲದಲ್ಲಿ ಊರೊಳಗೆ ಹೂಳುವುದು ನಿಷೇಧವಾಗಿ ಅಗೆದಾಗ ಸಿಕ್ಕವರನ್ನು 1833ರಲ್ಲಿ ಇಲ್ಲಿ ನಿಲ್ಲಿಸಿದ್ದು ಸತ್ತವರ ಸಂಸ್ಕಾರ ನೋಡಿಕೊಳ್ಳುತ್ತಿದ್ದ ಧರ್ಮಸಂಘದ ಹಿರಿಯ ವಿಂಚೆಂಜೊ ಪಿಚ್ಚಿನಿ. ಕೊನೆಗೆ ಅವನೂ ಅದೇ ಸಾಲಿಗೆ ಬಂದ. ಇರಿತದ ಗಾಯ ಇನ್ನೂ ಕಾಣುವ ತರುಣನ ಮುಂದೆ ಪುಟ್ಟಿ ನಿಂತೇ ಬಿಟ್ಟಳು. ಮಕ್ಕಳನ್ನು ಕರೆದೊಯ್ಯಬೇಕೋ ಬೇಡವೋ ನೀವೇ ಯೋಚಿಸಿ. ನಮ್ಮ ಮನೆಯಲ್ಲಿ ಹೆದರಿದ್ದು ಅವಳಪ್ಪ.

ಉತ್ತರಕ್ಕೆ ನಾಲ್ಕೈದು ಗಂಟೆಯ ದಾರಿ. ಬೊಲೋನ್ಯಾ ದಾಟಿ ಪೊ ನದಿಯ ಬಯಲಿಗೆ ಇಳಿದ ಮೇಲೆ ಮಂಜು ಎಂದರೆ ಏನೆಂದು ತಿಳಿಯಿತು. ಮುಂದಿನ ಲಾರಿಯ ಹಿಂಬದಿ ದೀಪ ಬಿಟ್ಟರೆ ಜಗತ್ತೇ ಇಲ್ಲ. ಹಿಂದಿನ ಮಂಜುದೀಪ ಹಾಕಿ, ಸಾಗುವ ವೇಗ ಅರ್ಧಕ್ಕಿಳಿಸಿ, ಯಾರೂ ಮಾತಾಡದೆ ಪಾದುವಾ ತಲುಪಿದೆವು.

ತ್ರೆವಿಜೋ ಸೀಮೆಯ ಒಂದು ಹಳ್ಳಿ, ಪಿಯಾವೆ ನದಿಯ ಹತ್ತಿರ. ತಂಗಿಯ ಗಂಡನ ಸಹೋದ್ಯೋಗಿಯ ಮನೆ ಅಲ್ಲಿದೆ. ಊಟಕ್ಕೆ ಕೆಂಪು ರಾದಿಕ್ಕಿಯೊದ ಅನ್ನ, ಅಂದರೆ ರಿಸೊತ್ತೊ. ಈ ಸೊಪ್ಪನ್ನು ಮಂಜು ಬಿದ್ದ ಮೇಲೆ ಬೇರು ಸಮೇತ ಕಿತ್ತು ಹರಿಯುವ ಚಿಲುಮೆ ನೀರಿನಲ್ಲಿ ಕತ್ತಲಿಗೆ ನಿಲ್ಲಿಸುತ್ತಾರೆ. ಒಳಗಿನಿಂದ ಹೊಸ ಎಲೆ ಚಿಗುರುತ್ತದೆ, ಬಿಳಿಯ ದಪ್ಪ ನರ, ಕಡುಗೆಂಪು ಅಂಚು, ತುದಿ ಒಳಕ್ಕೆ ಸುರುಳಿ. ಹಸಿಯಾಗಿ ಜಗಿದರೆ ಹಾಗಲದ ಕಹಿ ಇಣುಕಿ ಮರೆಯಾಗುತ್ತದೆ. ನನಗೆ ಈ ಪ್ರವಾಸದಲ್ಲಿ ಅತಿ ಇಷ್ಟವಾದ ತಿನಿಸು ಇದೇ. ಹೋಟೆಲುಗಳಲ್ಲಿ ರಿಸೊತ್ತೊವನ್ನು ಮಾಂಸದ ಸಾರಿನಲ್ಲಿ ಬೇಯಿಸುವುದೂ ಉಂಟು, ಕೇಳಿಯೇ ತರಿಸಿಕೊಳ್ಳಿ.

ಕತ್ತಲಾದ ಮೇಲೆ ಊರಾಚೆಯ ಬಯಲಿಗೆ ನಡೆದೆವು. ದ್ರಾಕ್ಷಿ ಬಳ್ಳಿಯ ಸವರು, ಮೆಕ್ಕೆಜೋಳದ ದಂಟು, ಮುಳ್ಳುಕಂಟಿ ಎಲ್ಲ ಸೇರಿಸಿ ಹುಡುಗರು ಎರಡಾಳೆತ್ತರಕ್ಕಿಂತ ಮೇಲೆ ಒಟ್ಟಿದ ರಾಶಿ. ಇದು ಪಾನೆವಿನ್, ಎಪಿಫನಿಯ ಹಿಂದಿನ ಸಂಜೆ ಹಚ್ಚುವ ಬೆಂಕಿ. ರಾಶಿಯ ನೆತ್ತಿಯ ಮೇಲೆ ಹುಲ್ಲು ತುಂಬಿದ ಮುದುಕಿ. ತಲೆವಸ್ತ್ರ, ಲಂಗ, ಕೈಯಲ್ಲಿ ಪೊರಕೆ. ಇಲ್ಲಿ ಅವಳಿಗೆ 'ವೆಚಿಯಾ' ಎನ್ನುತ್ತಾರೆ, ಮುದುಕಿ ಅಂತಲೇ.

ಪುಟ್ಟಿ ಮೇಲೆ ನೋಡಿದಳು. ನಮ್ಮನ್ನು ನೋಡಿದಳು. ನಾವು ಬೇರೆ ಕಡೆ ನೋಡಿದೆವು.

ಪಾದ್ರಿ ಬಂದು ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿ, ದಾರಿ ತಪ್ಪಿದ ಜೋಯಿಸರಿಗೆ ಈ ಬೆಂಕಿ ಬೆತ್ಲೆಹೇಮಿನ ಹಾದಿ ತೋರಲಿ ಎಂದರು. ಅಗ್ನಿಶಾಮಕದವರು ಒಂದು ಬದಿಗೆ ಸಿದ್ಧರಾಗಿ ನಿಂತಿದ್ದರು. ಕೆಳಗಿನಿಂದ ಹಚ್ಚಿದ ಬೆಂಕಿ ನಿಮಿಷದೊಳಗೆ ಲಂಗ ಮುಟ್ಟಿತು. ಮುಖಕ್ಕೆ ಕಾವು ತಾಗಿ ಜನ ಹಿಂದೆ ಹಿಂದೆ ಸರಿದರು, ಬೆನ್ನಿಗೆ ಮಾತ್ರ ಮೊದಲಿನ ಚಳಿಯೇ. ಈಗ ಎಲ್ಲರ ಕಣ್ಣು ಕಿಡಿಗಳ ಮೇಲೆ. ಕಿಡಿ ಪಡುವಣಕ್ಕೆ ಹಾರಿದರೆ ಕಡಾಯಿ ತುಂಬ ಪೊಲೆಂಟಾ (ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ), ಮೂಡಣಕ್ಕೆ ಹಾರಿದರೆ ಚೀಲ ಹಿಡಿದು ಹಿಟ್ಟು ಬೇಡಲು ಹೊರಡು ಎಂದು ಗಾದೆ. ನಮ್ಮ ರಾಶಿಯ ಕಿಡಿ ಮೊದಲು ನೆಟ್ಟಗೆ ಏರಿತು, ಆಮೇಲೆ ಎರಡೂ ಕಡೆ ಹರಿದಾಡಿತು. ವಾದ ಶುರುವಾಯಿತು. ಈಗ ಇಲ್ಲಿ ಯಾರ ಹೊಲದಲ್ಲೂ ಮೆಕ್ಕೆಜೋಳ ಹೆಚ್ಚಿಲ್ಲ, ಎಲ್ಲ ಪ್ರೊಸೆಕ್ಕೊ ವೈನಿನ ದ್ರಾಕ್ಷಿಯೇ, ಪೊಲೆಂಟಾದ ಗಾದೆ ವೈನಿನ ಬೆಲೆಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಪಕ್ಕದವರು ನಿಜಕ್ಕೂ ಚಿಂತೆಯಿಂದ ಚರ್ಚಿಸುತ್ತಿದ್ದರು. ಹೊಗೆಯ ಮಾಲಿನ್ಯಕ್ಕೆ ಹೆದರಿ ಆಡಳಿತ ಆಗಾಗ ಈ ಬೆಂಕಿಗಳಿಗೆ ತಡೆ ಹಾಕುವುದೂ ಇದೆ. ಹೋಗುವವರು ಆ ವರ್ಷ ಯಾವ ಊರಲ್ಲಿ ನಡೆಯುತ್ತದೆ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು.

ಒಂದೇ ದೇಶ, ಒಂದೇ ಹಬ್ಬ. ಅಲ್ಲಿ ಮೇಯರ್ ಕೀಲಿ ಕೊಡುತ್ತಾನೆ, ಇಲ್ಲಿ ಪಾದ್ರಿಯ ಎದುರಲ್ಲೇ ಬೆಂಕಿ ಕೊಡುತ್ತಾರೆ. ಮುದುಕಿ ಅಂದರೆ ಕಳೆದ ವರ್ಷ, ಅದರ ಕಷ್ಟವೆಲ್ಲ ಸುಟ್ಟುಹೋಗಲಿ ಎಂದು ಇವರ ವಿವರಣೆ. ನಮ್ಮ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗಿಸಿ, ಹಾಡಿ, ಹುಣ್ಣಿಮೆಗೆ ಸಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಿಂಜಾ ಎಂಬ ಕೇಕು ಹಂಚಿದರು. ಮೆಕ್ಕೆಜೋಳದ ಹಿಟ್ಟು, ಒಣ ಅಂಜೂರ, ದ್ರಾಕ್ಷಿ, ಸೋಂಪು. ಬಡವರ ಮನೆಯ ತಿನಿಸು, ಹಿಂದೆ ಎಲೆಕೋಸಿನ ಎಲೆಯಲ್ಲಿ ಸುತ್ತಿ ಇದೇ ಕೆಂಡದಲ್ಲಿ ಬೇಯಿಸುತ್ತಿದ್ದರಂತೆ. ದೊಡ್ಡವರಿಗೆ ಲವಂಗ, ದಾಲ್ಚಿನ್ನಿ ಹಾಕಿ ಕುದಿಸಿದ ವೈನು. ಪುಟ್ಟಿ ಎರಡು ತುಂಡು ಪಿಂಜಾ ಮುಗಿಸಿ ತನ್ನ ತೀರ್ಮಾನ ಹೇಳಿದಳು: "ಅದು ಹುಲ್ಲಿಂದು. ನಿಜವಾದವಳಿಗೆ ಇವತ್ತು ಡ್ಯೂಟಿ ಇದೆ, ಇಲ್ಲಿ ಯಾಕೆ ಬಂದು ಕೂರ್ತಾಳೆ?"

ಆದರೂ ಮಲಗುವ ಮುನ್ನ ಕಿಟಕಿಯ ಬಳಿ ಕಿತ್ತಳೆ, ಬಿಸ್ಕತ್ತು, ಅರ್ಧ ಲೋಟ ಕೆಂಪು ವೈನು ಇಡಿಸಿದಳು. ಹೀಗೆ ಇಡುವುದನ್ನು ಚರ್ಚು ಬಹಳ ಹಿಂದೆಯೇ ಬೈದಿತ್ತು. ಡಯಾನಾಳ ಜೊತೆ ರಾತ್ರಿ ಸವಾರಿ ಹೋಗುತ್ತೇವೆಂದು ನಂಬುವ ಹೆಂಗಸರನ್ನು ಖಂಡಿಸುವ ನಿಯಮ 10ನೇ ಶತಮಾನದ ಆರಂಭದ ಬರಹದಲ್ಲಿದೆ. ಜರ್ಮನಿಯ ವರ್ಮ್ಸ್‌ನ ಬಿಷಪ್ ಬುರ್ಖಾರ್ಡ್ 11ನೇ ಶತಮಾನದ ಆರಂಭದಲ್ಲಿ, ಮೂವರು ಅಕ್ಕತಂಗಿ ದೇವತೆಯರಿಗೆಂದು ಮೇಜಿನ ಮೇಲೆ ಊಟ, ಪಾನೀಯ, ಮೂರು ಚೂರಿ ಇಟ್ಟೆಯಾ ಎಂದು ಪಾಪ ಒಪ್ಪಿಕೊಳ್ಳಲು ಬಂದವರನ್ನು ಕೇಳಲು ಪ್ರಶ್ನೆಯನ್ನೇ ಬರೆದಿಟ್ಟಿದ್ದ. ಪಾದ್ರಿಗಳು ಅಷ್ಟು ವಿವರವಾಗಿ ಕೇಳುತ್ತಿದ್ದರೆಂದರೆ ಮನೆಗಳಲ್ಲಿ ಅಷ್ಟೇ ಶ್ರದ್ಧೆಯಿಂದ ಇಡುತ್ತಿದ್ದರು ಎಂದೇ ಅರ್ಥ. ನಡುರಾತ್ರಿ ವೈನು ಖಾಲಿ ಮಾಡಿದವರು ಯಾರೆಂದು ನಾನು ಹೇಳುವುದಿಲ್ಲ.

ಜನವರಿ 6: ವೆನಿಸ್

ಕಾಲುಚೀಲದಲ್ಲಿ ಚಾಕಲೇಟು, ಬಣ್ಣದ ಪೆನ್ಸಿಲು, ತಳದಲ್ಲಿ ಒಂದು ಇದ್ದಿಲ ತುಂಡು. ಅದು ಮಾಮನದು, ತಪ್ಪಿ ನನ್ನದಕ್ಕೆ ಬಿದ್ದಿದೆ ಎಂದಳು ಪುಟ್ಟಿ.

ಕಾರನ್ನು ಮೆಸ್ತ್ರೆಯಲ್ಲೇ ಬಿಟ್ಟು ರೈಲು ಹತ್ತಿದರೆ ಹತ್ತು ಹನ್ನೆರಡು ನಿಮಿಷ. ದ್ವೀಪದ ಅಂಚಿನಲ್ಲಿ ನಿಲ್ಲಿಸುವ ದುಬಾರಿ ದರಕ್ಕಿಂತ ಇದೇ ವಾಸಿ. ಮಂಜು ಹರಿದಿತ್ತು, ಬಿಸಿಲಿದ್ದರೂ ಕಾಲುವೆಯ ಗಾಳಿ ಕಿವಿ ಕೊಯ್ಯುತ್ತಿತ್ತು. ಮೊದಲು ಸಾನ್ ಮಾರ್ಕೊ ಚೌಕಕ್ಕೆ ಓಡಿದೆವು. ಅಲ್ಲಿ 15ನೇ ಶತಮಾನದ ಕೊನೆಗೆ ಕಟ್ಟಿದ ಗಡಿಯಾರದ ಗೋಪುರವಿದೆ. ಮೇರಿ ಮತ್ತು ಮಗುವಿನ ಮೂರ್ತಿಯ ಎರಡು ಬದಿಗೂ ಗಂಟೆ, ನಿಮಿಷ ತೋರುವ ಅಂಕಿಗಳ ಕಿಂಡಿ. ಎಪಿಫನಿಗೂ, ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೂ ಆ ಅಂಕಿಗಳನ್ನು ತೆಗೆದು ಕಿಂಡಿಯನ್ನು ಬಾಗಿಲು ಮಾಡುತ್ತಾರೆ. ಗಂಟೆ ಹೊಡೆದಾಗ ಒಂದು ಬಾಗಿಲಿನಿಂದ ಕಹಳೆ ಹಿಡಿದ ದೇವದೂತ, ಹಿಂದೆ ಮೂವರು ಮರದ ಜೋಯಿಸರು. ಹಳಿಯ ಮೇಲೆ ಸಣ್ಣಗೆ ಗಡಗಡ ಎನ್ನುತ್ತ ಬಂದು, ಮೇರಿಯ ಮುಂದೆ ಒಬ್ಬೊಬ್ಬರಾಗಿ ಬಾಗಿ, ಇನ್ನೊಂದು ಬಾಗಿಲೊಳಗೆ ಹೋದರು. ನೋಡುವುದು ತಪ್ಪಿದರೆ ಮುಂದಿನ ಗಂಟೆಯವರೆಗೆ ಕಾಯಬೇಕು. ಮೂರನೆಯವನ ನಡೆ ಸ್ವಲ್ಪ ಜರ್ಕು ಹೊಡೆಯಿತು, ಚೌಕದಲ್ಲಿದ್ದವರೆಲ್ಲ 'ಓ' ಎಂದರು.

ಅಲ್ಲಿಂದ ರಿಯಾಲ್ತೊ ಸೇತುವೆಗೆ. ಕಮಾನಿನಿಂದ ಇಳಿಬಿಟ್ಟ ದೈತ್ಯ ಕಾಲುಚೀಲವೇ ಗೆಲುವಿನ ಗೆರೆ. ಊರಿನ ಹಳೆಯ ದೋಣಿ ಕ್ಲಬ್ಬೊಂದರ ಹಿರಿಯ ಸದಸ್ಯರು ಬೆಫಾನಾ ವೇಷದಲ್ಲಿ ಗ್ರಾಂಡ್ ಕೆನಾಲಿನಲ್ಲಿ ಸ್ಪರ್ಧಿಸುವುದು 1970ರ ದಶಕದ ಕೊನೆಯಿಂದ ನಡೆದುಬಂದಿದೆ. ವೆನಿಸ್ ಮಾತಿನಲ್ಲಿ ಇವರು 'ಮರಾಂತೆಗೆ'. ನಿಂತುಕೊಂಡೇ ಹುಟ್ಟು ಹಾಕುವ ಊರಿನ ಪದ್ಧತಿ. ತಿರುವಿನಲ್ಲಿ ಕಂಡ ಐದು ದೋಣಿಗಳಲ್ಲಿ ಲಂಗ ಎತ್ತಿ ಕಟ್ಟಿದ, ತಲೆವಸ್ತ್ರದ ಕೆಳಗೆ ಬಿಳಿ ಮೀಸೆ ಬಿಟ್ಟ ಅಜ್ಜಿಯರು. ದಡದವರ ಕೂಗು ಕಾಲುವೆಯ ಈಚೆ ಗೋಡೆಗೆ ಬಡಿದು ಆಚೆಗೆ. ಸೇತುವೆಯ ಮೇಲೆ ಜಾಗ ಬೇಕಿದ್ದರೆ ಒಂದು ಗಂಟೆ ಮೊದಲೇ ಹೋಗಬೇಕು. ನಾವು ದಡದ ಮೆಟ್ಟಿಲಲ್ಲಿ ಇನ್ನೊಬ್ಬರ ಬೆನ್ನುಚೀಲದ ಸಂದಿಯಿಂದ ನೋಡಿದ್ದು. ಯಾರು ಗೆದ್ದರೆಂದು ನನಗೆ ಗೊತ್ತಾಗಲಿಲ್ಲ, ಗೆದ್ದವರಿಗೂ ಅನುಮಾನವಿದ್ದ ಹಾಗಿತ್ತು.

ಮುಗಿದ ಮೇಲೆ ಬಿಸಿ ಚಾಕಲೇಟು ಹಂಚುವಲ್ಲಿ ಒಬ್ಬ ಮೀಸೆಯ ಬೆಫಾನಾ ಪುಟ್ಟಿಯ ಪಕ್ಕಕ್ಕೇ ಬಂದು ನಿಂತರು, ಹಣೆಯಲ್ಲಿ ಬೆವರು, ಅಂಟಿಸಿದ ಮೂಗು ಅರ್ಧ ಕಿತ್ತಿದೆ. ಪುಟ್ಟಿ ಬಿಡಲಿಲ್ಲ.

"ನಿನ್ನೆ ರಾತ್ರಿ ನಿಮ್ಮನ್ನು ಸುಟ್ಟರು. ಗೊತ್ತಾ?"

"ಎಲ್ಲಿ?"

"ತ್ರೆವಿಜೋ ಹತ್ತಿರ."

"ಆಹ್, ತ್ರೆವಿಜೋದವರಾ," ಎಂದು ಮೂಗು ಒತ್ತಿ ಕೂರಿಸಿಕೊಂಡರು. "ಅವರಿಗೆ ದೋಣಿ ಹೊಡೆಯಲು ಬರುವುದಿಲ್ಲ, ಇನ್ನೇನು ಮಾಡುತ್ತಾರೆ ಪಾಪ."

ಎಪಿಫನಿ ಬಂದು ಹಬ್ಬಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ ಎಂಬುದು ಇವರ ಗಾದೆ, ಅದರಂತೆಯೇ ವಾಪಸು ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಅಂಗಡಿಯವರು ದೀಪದ ಸರ ಬಿಚ್ಚುತ್ತಿದ್ದರು. ಇದ್ದಿಲಿನ ಪೊಟ್ಟಣಕ್ಕೆ ಅರ್ಧ ಬೆಲೆ. ಎರಡು ಕೊಂಡು ಈ ಸಲ ಡಬ್ಬಿಯಲ್ಲಿಟ್ಟೆವು.